ಅಮ್ಮನವರ ಕೈಯ ರೊಟ್ಟಿ

ಪಾದ್ರಿಮನೆ, ಅಡುಗೆಕೋಣೆಯ ಮೇಜು
ಗುರುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ‘ರೀ’ಯವರಿಗೆ,

ಹೇಗಿದ್ದೀರಿ? ಹೊಟ್ಟೆಯ ಉರಿ ಕಡಿಮೆಯಾಯಿತೇ? ಆ ಬಿಳಿ ಮಾತ್ರೆಯನ್ನು ಊಟಕ್ಕೆ ಮುಂಚೆ ನುಂಗಬೇಕು, ಊಟವಾಗಿ ಕೈ ತೊಳೆಯುವಾಗ ನೆನಪಾಗಿ ಅಲ್ಲ. ಉಣ್ಣೆಯ ಕಾಲುಚೀಲ ಕಳೆದುಹೋಗಿದೆ ಎಂದು ಬರೆದಿದ್ದೀರಿ. ಕಳೆದಿಲ್ಲ, ಪೆಟ್ಟಿಗೆಯ ತಳದಲ್ಲಿ ನಿಮ್ಮ ಕರಿ ನಿಲುವಂಗಿಯ ಕೆಳಗಿದೆ. ನಿಲುವಂಗಿಯನ್ನು ನೀವು ಇನ್ನೂ ಹೊರಗೆ ತೆಗೆದು ತೂಗುಹಾಕಿಲ್ಲ ಎಂದೂ ಇದರಿಂದ ತಿಳಿಯಿತು. ನಾನು ಚೆನ್ನಾಗಿದ್ದೇನೆ. ಮೋಡ ಕವಿದ ದಿನ ಮಣಿಕಟ್ಟು ಮಾತ್ರ ಇನ್ನೂ ಚಳುಕ್ ಅನ್ನುತ್ತದೆ. ನಿಮ್ಮ ಅಮ್ಮ ನನಗಿಂತ ಚೆನ್ನಾಗಿದ್ದಾರೆ. ಅವರು ಅಷ್ಟು ಚೆನ್ನಾಗಿ ಓಡಾಡಿಕೊಂಡು ಇಲ್ಲದಿದ್ದರೆ ಈ ಕಾಗದ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲವೋ ಏನೋ, ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಕಾಗದ ಮಂಗಳವಾರ ಬಂತು. ಓದಿದೆ. ಎರಡು ಸಲ ಓದಿದೆ, ಏಕೆಂದರೆ ಮೊದಲ ಸಲ ಅರ್ಧದಲ್ಲೇ ಮಡಚಿ ಸಕ್ಕರೆ ಡಬ್ಬಿಯ ಕೆಳಗಿಟ್ಟು ಪಾತ್ರೆ ತೊಳೆಯಲು ಹೋದೆ. ‘ಕರುಣೆ ಮತ್ತು ಸಾಮಾಜಿಕ ನ್ಯಾಯ’ದ ಸಮಾವೇಶಕ್ಕೆ ಹೋದ ಗಂಡನನ್ನು ಕರಡು ಸಿದ್ಧಪಡಿಸುವ ಉಪಸಮಿತಿಗೆ ಸೇರಿಸಿಕೊಂಡಿದ್ದಾರೆ ಎಂದರೆ ಹೆಂಡತಿ ಹೆಮ್ಮೆಪಡಬೇಕು, ಪಡುತ್ತೇನೆ. ಆದರೆ ‘ಹಿಂದಿನ ಅನ್ಯಾಯಗಳಿಗಾಗಿ ಸಭೆಯು ವಿಷಾದಿಸುತ್ತದೆ’ ಎನ್ನಬೇಕೋ ‘ಪಶ್ಚಾತ್ತಾಪಪಡುತ್ತದೆ’ ಎನ್ನಬೇಕೋ ಎಂದು ಹನ್ನೊಂದು ಜನ ಗಂಡಸರು ನಾಲ್ಕು ದಿನದಿಂದ ಕೂತು ಜಗ್ಗಾಡುತ್ತಿದ್ದೀರಲ್ಲ, ‘ಹಿಂದಿನ’ ಎನ್ನುವ ಪದದ ಬಗ್ಗೆ ಒಬ್ಬರಾದರೂ ಕೈ ಎತ್ತಿದರೇ? ಹಿಂದಿನ ಅಂದರೆ ಯಾವಾಗಿನದು? ಕಳೆದ ಭಾನುವಾರದ್ದನ್ನೂ ಅದರಲ್ಲಿ ಸೇರಿಸಿಕೊಳ್ಳಬಹುದೇ? ಕೇಳಿ ಹೇಳಿ. ಫೋನಿನಲ್ಲಿ ಕೇಳೋಣವೆಂದರೆ ಧ್ಯಾನಕ್ಕೆ ಭಂಗ ಎಂದು ನಿಮ್ಮೆಲ್ಲರ ಫೋನುಗಳನ್ನೂ ಬುಟ್ಟಿಯಲ್ಲಿ ಹಾಕಿಸಿಕೊಂಡು ಬೀಗ ಜಡಿದಿದ್ದಾರೆ. ಪಕ್ಕದ ಊರಿನ ಸಭಾಪಾಲಕರು ನಾಲ್ಕು ಗಂಟೆಗೆ ಕಾರಿನಲ್ಲಿ ಅಲ್ಲಿಗೇ ಹೊರಟಿದ್ದಾರಂತೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಮೊದಲಿಂದ ಹೇಳುತ್ತೇನೆ. ಗೊತ್ತಿರುವುದನ್ನೇ ಮತ್ತೆ ಹೇಳುತ್ತಾಳೆ ಅನ್ನಿಸಿದರೆ ಅನ್ನಿಸಲಿ. ಗೊತ್ತಿರುವುದನ್ನು ನೀವು ಎಷ್ಟು ಚೆನ್ನಾಗಿ ಮರೆಯಬಲ್ಲಿರಿ ಎನ್ನುವುದು ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನನಗೂ ಗೊತ್ತಾಗಿದೆ. ಎರಡು ವರ್ಷದ ಹಿಂದೆ ನಾನು ಗಂಟೆಗೋಪುರದ ಮೆಟ್ಟಿಲಿಂದ ಬಿದ್ದು ಬಲಗೈ ಮಣಿಕಟ್ಟು ಎರಡು ಕಡೆ ಮುರಿದುಕೊಂಡೆನಲ್ಲ, ಆಗ ಭಾನುವಾರದ ಆರಾಧನೆಯಲ್ಲಿ ಮುರಿದು ಹಂಚುವ ಪ್ರಭುಭೋಜನದ ರೊಟ್ಟಿ ಯಾರು ಮಾಡಬೇಕು ಎನ್ನುವ ಪ್ರಶ್ನೆ ಬಂತು. ಈ ಸಭೆಯಲ್ಲಿ ಪಾದ್ರಿ ಅಯ್ಯನವರ ಹೆಂಡತಿಯೇ ಮಾಡುವುದು ರೂಢಿ. ನನ್ನ ರೊಟ್ಟಿ ಹೇಗಿರುತ್ತಿತ್ತು ಎಂದು ನಿಮಗೆ ಗೊತ್ತು. ಪವಿತ್ರವಾಗಿತ್ತು, ಅಷ್ಟೇ, ರುಚಿಯ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಆಗ ಆ ಬೇಕರಿಯಕ್ಕ ತಾನಾಗಿಯೇ ಬಂದಳು. ಪೇಟೆಯ ದೊಡ್ಡ ಬೇಕರಿಯಲ್ಲಿ ಇಪ್ಪತ್ತು ವರ್ಷದಿಂದ ಹಿಟ್ಟು ನಾದುವವಳು, ಕೊನೆಯ ಎರಡು ಬೆಂಚುಗಳಲ್ಲಿ ಕೂರುವ ಹಳಿಯಾಚೆಯವರಲ್ಲಿ ಒಬ್ಬಳು. “ಅಮ್ಮನವ್ರೇ, ನಾನು ನಾದ್ಕೊಡ್ತೀನಿ ಬಿಡಿ, ದಿನಾ ಮಾಡೋ ಕೆಲ್ಸಾನೇ” ಅಂದಳು. ಮೊದಲ ವಾರ ನಾದಿದಳು, ಎರಡನೇ ವಾರ ಬೇಯಿಸಿದಳು, ಮೂರನೇ ವಾರದಿಂದ ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಹರಟೆ ಹೊಡೆದೆ. ಶನಿವಾರ ಮಧ್ಯಾಹ್ನ ಪಾಳಿ ಮುಗಿಸಿ ನಮ್ಮ ಹಿಂದಿನ ಬಾಗಿಲಿಂದ ಬರುವಳು, ಐದು ಗಂಟೆಗೆ ಮನೆಯೆಲ್ಲ ಘಮ್ಮೆನ್ನುವುದು, ಹಿಂದಿನ ಬಾಗಿಲಿಂದ ಹೊರಟುಹೋಗುವಳು. ನನ್ನ ಕೈ ಮೂರು ತಿಂಗಳಿಗೆ ಸರಿಹೋಯಿತು. ಅವಳು ಬರುವುದು ನಿಲ್ಲಲಿಲ್ಲ, ನಾನು ನಿಲ್ಲಿಸಲಿಲ್ಲ.

ಜನ ಹೊಗಳತೊಡಗಿದರು. ಆರ್ಗನ್ ನುಡಿಸುವಾಕೆ ಅಂದಳು, ಔಷಧಿ ಅಂಗಡಿಯಮ್ಮ ಅಂದಳು, ಕೊನೆಗೆ ಹಿರಿಯರ ಮಂಡಳಿಯ ಹೆಡ್ಮಾಸ್ಟರೂ ಅಂದರು: “ಅಮ್ಮನವರ ಕೈಗುಣವೇ ಬೇರೆ, ಬಿದ್ದಮೇಲೆ ಇನ್ನೂ ಕುದುರಿದೆ.” ಮೊದಲ ಸಲ ನಿಜ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಮಾತು ಬೇರೆಲ್ಲಿಗೋ ಹೋಯಿತು. ಎರಡನೇ ಸಲ ಹೇಳಲು ಬೇಕಾದಷ್ಟು ಹೊತ್ತಿತ್ತು, ನಕ್ಕು ಸುಮ್ಮನಾದೆ. ಆಮೇಲೆ ಆ ನಗು ಅಭ್ಯಾಸವೇ ಆಯಿತು. ನಿಮಗೆ ಹೇಳಿದೆ. ನೀವು ಬಾಗಿಲ ಬಳಿ ಕೂತು ಬೂಟಿನ ದಾರ ಕಟ್ಟುತ್ತಿದ್ದಿರಿ, ತಲೆ ಎತ್ತದೆ, “ಸಮಯ ನೋಡಿ ಹೇಳೋಣ, ಜನ ಇನ್ನೂ ತಯಾರಾಗಿಲ್ಲ” ಅಂದಿರಿ. ತಯಾರಾಗಲಿ ಎಂದು ನಾವಿಬ್ಬರೂ ಏನು ಮಾಡಿದೆವು ಎಂದು ಈ ಮೂರು ದಿನ ಯೋಚಿಸಿದೆ. ರೊಟ್ಟಿ ತಿಂದೆವು. ಬೇರೇನೂ ನೆನಪಾಗಲಿಲ್ಲ.

ಹಳಿಯಾಚೆಯವರು ಅಂದರೆ ಯಾರು ಎಂದು ನಿಮ್ಮ ಉಪಸಮಿತಿಯವರು ಕೇಳಿದರೆ ಹೀಗೆ ಹೇಳಿ. ರೈಲಿನವರು ಕಲ್ಲಿದ್ದಲು ಹೊರಲು ಎಂದು ಅವರ ಮುತ್ತಾತಂದಿರನ್ನು ಎಲ್ಲಿಂದಲೋ ಹಡಗಿನಲ್ಲಿ ತುಂಬಿಕೊಂಡು ತಂದರು. ಮೈಬಣ್ಣ ನಮಗಿಂತ ಕಪ್ಪು, ಮಾತಿನ ಎಳೆತ ಬೇರೆ. ಕಲ್ಲಿದ್ದಲ ಅಂಗಳ ಮುಚ್ಚಿ ಐವತ್ತು ವರ್ಷವಾಯಿತು, ಅಲ್ಲೀಗ ಬಸ್ಸು ನಿಲ್ಲುತ್ತದೆ. ಆದರೂ ಔಷಧಿ ಅಂಗಡಿಯಮ್ಮನ ಬಾಯಲ್ಲಿ ಅವರದು ಇನ್ನೂ ‘ಇದ್ದಿಲ ಕೈ’. ಎಷ್ಟು ತೊಳೆದರೂ ಹೋಗದಂತೆ. ಅವರ ಪೈಕಿ ಶಾಲೆಯ ಗುಮಾಸ್ತ ಇದ್ದಾನೆ, ಆಸ್ಪತ್ರೆಯ ದಾದಿಯರು ಇಬ್ಬರಿದ್ದಾರೆ, ಆದರೂ ನಮ್ಮ ದೇವಾಲಯದಲ್ಲಿ ಎಲ್ಲರಿಗೂ ಕೊನೆಯ ಎರಡೇ ಬೆಂಚು. ಯಾರೂ ಅಲ್ಲಿ ಕೂರಿ ಎಂದು ಹೇಳಿಲ್ಲ. ಹೇಳಬೇಕಾಗಿಯೇ ಬಂದಿಲ್ಲ.

ಈಗ ನಿಮ್ಮ ಅಮ್ಮನ ವಿಷಯ. ಶುಕ್ರವಾರ ಅವರ ಮಂಡಿಯ ಮುಲಾಮಿಗೆಂದು ಔಷಧಿ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅಂಗಡಿಯಮ್ಮ ಎಂದಿನಂತೆ ರೊಟ್ಟಿಯ ಗುಣಗಾನ ತೆಗೆದಳು. ನಾನು ಎಂದಿನಂತೆ ನಕ್ಕೆ. ಅತ್ತೆ ತಡೆಯಲಾರದೆ, “ಇವಳ್ದಾ? ಎರಡು ಕೈ ನೆಟ್ಟಗಿದ್ದಾಗ್ಲೂ ಇವಳು ಮಾಡಿದ ರೊಟ್ಟಿ ಹೆಂಚು ಇದ್ದಂಗಿರೋದು. ಅದು ಮಾಡೋದು ಆ ಬೇಕರಿ ಹೆಂಗಸು!” ಅಂದುಬಿಟ್ಟರು. ನನ್ನ ಹೆಸರಿಗೆ ಬಂದ ಒಂದು ಹೊಗಳಿಕೆಯನ್ನೂ ಅವರಿಂದ ಹತ್ತೊಂಬತ್ತು ವರ್ಷದಲ್ಲಿ ಅರಗಿಸಿಕೊಳ್ಳಲಾಗಿಲ್ಲ, ಮೊನ್ನೆ ಆದೀತು ಎಂದು ನಿರೀಕ್ಷಿಸಿದ್ದು ನನ್ನದೇ ತಪ್ಪು. ಅಂಗಡಿಯಮ್ಮ ಮುಲಾಮನ್ನು ಕಾಗದದಲ್ಲಿ ಸುತ್ತುತ್ತಿದ್ದವಳು ಸುತ್ತುವುದನ್ನೇ ನಿಲ್ಲಿಸಿದಳು.

ಭಾನುವಾರದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ನಿಮ್ಮ ಬದಲಿಗೆ ಬಂದ ದೊಡ್ಡ ಅಯ್ಯನವರಿಗೆ ಮಾತ್ರ ಗೊತ್ತಿರಲಿಲ್ಲ. ಪಾಪ, ಎಂಬತ್ತೆರಡು ವರ್ಷ, ಎರಡು ಕಿವಿಯೂ ಕೇಳಿಸುವುದಿಲ್ಲ. ರೊಟ್ಟಿ ಎತ್ತಿ ಹಿಡಿದು, ಮುರಿದು, ಬನ್ನಿರಿ ಎಂದು ಕರೆದರು. ಯಾರೂ ಏಳಲಿಲ್ಲ. ಮೊದಲ ಬೆಂಚಿನಲ್ಲಿ ಹೆಡ್ಮಾಸ್ಟರು ಸ್ತೋತ್ರದ ಪುಸ್ತಕ ತೆರೆದು ಅದರಲ್ಲೇ ಮುಖವಿಟ್ಟು ಕೂತಿದ್ದರು. ಅವರು ಏಳದಿದ್ದಕ್ಕೆ ಔಷಧಿ ಅಂಗಡಿಯವರು ಏಳಲಿಲ್ಲ, ಅವರು ಏಳದಿದ್ದಕ್ಕೆ ಹಿಂದಿನವರು ಏಳಲಿಲ್ಲ. ಎಂಟು ಸಾಲು. ದೊಡ್ಡ ಅಯ್ಯನವರು ತಾವೇ ಏನೋ ಬಿಟ್ಟು ಓದಿದೆವೆಂದುಕೊಂಡು ಪುಟ ಹಿಂದೆ ತಿರುಗಿಸಿ, ಕರೆಯುವ ಮಾತನ್ನು ಮತ್ತೊಮ್ಮೆ, ಇನ್ನೂ ಜೋರಾಗಿ ಓದಿದರು. ಆಗ ಹಿಂದಿನ ಎರಡು ಬೆಂಚಿನವರು ಎದ್ದು ಬಂದರು. ಅವರ ಬೂಟಿನ ಸದ್ದು ಅಷ್ಟು ಉದ್ದ ನಾನು ಎಂದೂ ಕೇಳಿರಲಿಲ್ಲ, ಏಕೆಂದರೆ ಯಾವಾಗಲೂ ಅವರು ಬರುವ ಹೊತ್ತಿಗೆ ನಮ್ಮದೆಲ್ಲ ಮುಗಿದು ಆರ್ಗನ್ ಶುರುವಾಗಿರುತ್ತಿತ್ತು. ಬೇಕರಿಯಕ್ಕ ಎಲ್ಲರಿಗಿಂತ ಹಿಂದೆ ಇದ್ದಳು. ಎಂಟು ಸಾಲುಗಳನ್ನೂ ದಾಟಿ ಬರುವಾಗ ಅವಳಿಗೆ ಅರ್ಥವಾಯಿತು. ಅದು ಅವಳ ಮುಖದಲ್ಲಿ ಕಾಣಲಿಲ್ಲ, ಕೈಯಲ್ಲಿ ಕಂಡಿತು. ಎರಡೂ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

ನಾನು ಎದ್ದೆ. ಎದ್ದೆ ಎಂದು ಬರೆಯುವುದು ಸುಲಭ. ಏಳುವ ಮುಂಚೆ ಯಾರು ನೋಡುತ್ತಿದ್ದಾರೆ ಎಂದು ಅತ್ತಿತ್ತ ನೋಡಿದೆ, ಅದನ್ನೂ ಬರೆಯಬೇಕು. ನನಗಿಂತ ಮುಂಚೆ ಎದ್ದದ್ದು ನಿಮ್ಮ ಅಮ್ಮ. ಹೆಡ್ಮಾಸ್ಟರು ಮೆಲ್ಲಗೆ ಮೊಣಕೈ ಹಿಡಿದು, “ಕೂತ್ಕೊಳ್ಳಿ ದೊಡ್ಡಮ್ಮ” ಅಂದರು. ಅಷ್ಟೇ ಸಾಕಾಯಿತು. “ನಂಗೆ ಕೂತ್ಕೋ ಅನ್ನೋಕೆ ನೀನ್ಯಾವನೋ? ನಿನ್ನ ಮೂಗು ಒರೆಸಿದೋಳು ನಾನು!” ಎಂದು ಕೈ ಕೊಡವಿ, ಕೋಲು ಕುಟ್ಟಿಕೊಂಡು ಹೋಗಿ ತೆಗೆದುಕೊಂಡರು. ಕರುಣೆಯಿಂದಲ್ಲ, ಹಟದಿಂದ. ಮನೆಗೆ ಬಂದ ಮೇಲೆ, “ಆ ಹೆಂಗಸು ನಾದೋ ಮುಂಚೆ ಎರಡು ಸಲ ಸೋಪು ಹಾಕ್ತಾಳೆ ತಾನೇ?” ಎಂದೂ ಕೇಳಿದರು. ಅವರು ಬದಲಾಗಿದ್ದಾರೆಂದು ನಿಮ್ಮ ಸಮಾವೇಶದಲ್ಲಿ ಸಾಕ್ಷಿ ಹೇಳಬೇಡಿ.

ಆರಾಧನೆ ಮುಗಿದ ಮೇಲೆ ಇನ್ನೊಂದಾಯಿತು. ಬಾಗಿಲ ಮೆಟ್ಟಿಲ ಮೇಲೆ ಎಲ್ಲರೂ ನೆರೆದಿದ್ದಾಗ ದೊಡ್ಡ ಅಯ್ಯನವರು ನನ್ನ ಕೈ ಹಿಡಿದುಕೊಂಡು, “ನಾನು ಏನಾದ್ರೂ ತಪ್ಪು ಓದಿದ್ನಾ ತಾಯಿ?” ಅಂದರು. ಕಣ್ಣಲ್ಲಿ ನೀರಿತ್ತು. ಇಲ್ಲ ಅಂದೆ. ಕೇಳಿಸಲಿಲ್ಲ. ರೊಟ್ಟಿಯ ವಿಷಯ ಅಂದೆ. ಕೇಳಿಸಲಿಲ್ಲ. ಕೊನೆಗೆ ಅವರ ಕಿವಿಗೆ ಬಾಯಿಟ್ಟು, “ರೊಟ್ಟಿ! ಮಾಡಿದ್ದು! ಹಳಿಯಾಚೆಯವರು! ಅದಕ್ಕೇ!” ಎಂದು ಕಿರುಚಬೇಕಾಯಿತು. ಕಿವುಡರ ಗಂಟಲಿನಲ್ಲಿ ಅವರು, “ಅಷ್ಟೇನಾ? ಚೆನ್ನಾಗಿತ್ತಲ್ಲ!” ಎಂದು ಕೂಗಿದರು. ಬೇಕರಿಯಕ್ಕ ಗೇಟಿನ ಹತ್ತಿರ ಮಗಳ ಭುಜ ಹಿಡಿದು ಹೋಗುತ್ತಿದ್ದಳು. ನಾನು ಕಿರುಚಿದ್ದು ಅವಳಿಗೂ ಕೇಳಿಸಿರಬೇಕು.

ಸೋಮವಾರ ಸಂಜೆ ಹಿರಿಯರ ಮಂಡಳಿ ನಮ್ಮ ಮನೆಯಲ್ಲೇ ಸೇರಿತು. ನಿಮ್ಮ ಕುರ್ಚಿ ಖಾಲಿ ಇತ್ತು, ನಾನು ಕೂತುಕೊಂಡೆ. ಯಾರೂ ಬೇಡ ಅನ್ನಲಿಲ್ಲ, ಯಾರಿಗೂ ಇಷ್ಟವಾಗಲೂ ಇಲ್ಲ. ಹೆಡ್ಮಾಸ್ಟರು ಗೊತ್ತಲ್ಲ, ದನಿ ಎತ್ತುವವರಲ್ಲ. ಎತ್ತಿದ್ದರೆ ನನಗೂ ಎತ್ತಲು ಅನುಕೂಲವಾಗುತ್ತಿತ್ತು. “ಇದು ಬಣ್ಣದ ಪ್ರಶ್ನೆಯಲ್ಲ ಅಮ್ಮನವರೇ, ಶುಚಿತ್ವದ ಪ್ರಶ್ನೆ. ಯಾರ ಮನಸ್ಸಿಗೂ ನೋವಾಗಬಾರದು” ಅಂದರು. ಯಾರ ಮನಸ್ಸಿಗೂ ಅಂದಾಗ ಅವರು ಕೋಣೆಯಲ್ಲಿದ್ದವರನ್ನೆಲ್ಲ ಒಂದು ಸುತ್ತು ನೋಡಿದರು, ಆ ಕೋಣೆಯಲ್ಲಿ ಹಳಿಯಾಚೆಯವರು ಯಾರೂ ಇರಲಿಲ್ಲ. ನಾನು ಚಹಾ ಕೊಟ್ಟೆ, ಜೊತೆಗೆ ಬೆಣ್ಣೆ ಸವರಿದ ಟೋಸ್ಟು. ಬೇಕೆಂದೇ ಮಾಡಿದ್ದಲ್ಲ, ಮನೆಯಲ್ಲಿ ಇದ್ದದ್ದೇ ಅದು. ಔಷಧಿ ಅಂಗಡಿಯಮ್ಮನ ಗಂಡ ಮೂರನೇ ತುಂಡು ಬಾಯಿಗಿಟ್ಟಾಗ ತಡೆಯಲಾಗಲಿಲ್ಲ. ಈ ರೊಟ್ಟಿ ದೊಡ್ಡ ಬೇಕರಿಯದು, ಇಪ್ಪತ್ತು ವರ್ಷದಿಂದ ಅಲ್ಲಿ ನಾದುವುದು ಅವಳೇ, ನಿಮ್ಮ ಮಕ್ಕಳು ಹಲ್ಲು ಬಂದಾಗಿನಿಂದ ತಿಂದದ್ದು ಅವಳ ಕೈಯದೇ ಅಂದೆ. ಅಗಿಯುವುದು ನಿಂತಿತು. ಉಗುಳಲೂ ಆಗದೆ ನುಂಗಲೂ ಆಗದೆ ಆ ಮನುಷ್ಯ ಕೂತ ಭಂಗಿ ನೀವು ನೋಡಬೇಕಿತ್ತು. ಹೆಡ್ಮಾಸ್ಟರು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, “ಅಂಗಡಿ ರೊಟ್ಟಿ ಬೇರೆ, ಕರ್ತನ ಮೇಜಿನ ರೊಟ್ಟಿ ಬೇರೆ” ಅಂದರು. ಹಾಗಾದರೆ ಹೊಟ್ಟೆಗಾದರೆ ಆ ಕೈ ಆಗುತ್ತದೆ, ಆತ್ಮಕ್ಕೆ ಆಗುವುದಿಲ್ಲವೋ ಎಂದು ಕೇಳಿದೆ. “ನೀವು ಭಾವುಕರಾಗಿದ್ದೀರಿ” ಅಂದರು. ರೀ, ಈ ಒಂದು ಮಾತಿಗೆ ಉತ್ತರವಿದ್ದರೆ ಆ ಸಮಾವೇಶದಿಂದ ಬರುವಾಗ ತಪ್ಪದೆ ತನ್ನಿ. ಹೆಂಗಸು ನ್ಯಾಯ ಕೇಳಿದರೆ ಭಾವುಕಳು, ಗಂಡಸು ಅನ್ಯಾಯ ಮಾಡಿದರೆ ವಿವೇಕಿ!

ಅವರು ಎರಡು ನಿರ್ಣಯ ಬರೆದುಕೊಂಡು ಹೋದರು. ಒಂದು, ಇನ್ನುಮುಂದೆ ಯಂತ್ರದಲ್ಲೇ ಮಾಡಿ ಮೊಹರು ಹಾಕಿದ ರೊಟ್ಟಿಯ ಬಿಲ್ಲೆಗಳನ್ನು ತರಿಸುವುದು, ‘ಯಾರ ಕೈಯೂ ತಾಗದ್ದು’. ಎರಡು, ಬೇಕರಿಯಕ್ಕನ ಮಗಳು ಈ ಭಾನುವಾರ ಮೊದಲ ಸಲ ಪ್ರಭುಭೋಜನ ತೆಗೆದುಕೊಳ್ಳಬೇಕಿತ್ತಲ್ಲ, ಅದನ್ನು ಸದ್ಯಕ್ಕೆ ಮುಂದೂಡುವುದು, ‘ಆ ಮಗುವಿನ ಒಳ್ಳೆಯದಕ್ಕಾಗಿಯೇ’. ಮರುದಿನ ನಿಮ್ಮ ಕಾಗದ ಬಂತು. ಎಂಟು ಪುಟಗಳಲ್ಲಿ ನಾಲ್ಕನೆಯದರ ಕೊನೆಯಲ್ಲಿ ನೀವೂ ಬರೆದಿದ್ದೀರಿ: ಕರಡು ಮುಗಿಯುವ ಹಾಗೆ ಕಾಣುವುದಿಲ್ಲ, ಇನ್ನೊಂದು ವಾರ ಇರಬೇಕಾಗಬಹುದು, ಹುಡುಗಿಯ ಕಾರ್ಯವನ್ನು ಮುಂದಿನ ತಿಂಗಳಿಗೆ ಮುಂದೂಡೋಣ, ಏನಂತೆ. ನಿಮಗೆ ಇಲ್ಲಿ ಆದದ್ದು ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಹೆಡ್ಮಾಸ್ಟರೂ ನೀವೂ ಒಂದೇ ಪದ ಬಳಸಿದ್ದಿರಿ. ಆಗಲೇ ಕಾಗದ ಮಡಚಿ ಸಕ್ಕರೆ ಡಬ್ಬಿಯ ಕೆಳಗಿಟ್ಟದ್ದು. ಒಂದು ವರ್ಷ ಆ ಹುಡುಗಿ ನಿಮ್ಮ ಉಪದೇಶದ ತರಗತಿ ಒಂದು ದಿನವೂ ತಪ್ಪಿಸಿಲ್ಲ. ಜ್ವರದಲ್ಲೂ ಬಂದು ಕೂತಿದ್ದಳು, ನೀವೇ ಮನೆಗೆ ಕಳಿಸಿದಿರಿ.

ಮಂಗಳವಾರ ಸಂಜೆಯೇ ನಾನು ಹಳಿ ದಾಟಿ ಬೇಕರಿಯಕ್ಕನ ಮನೆಗೆ ಹೋದೆ. ಎರಡು ವರ್ಷ ನನ್ನ ಅಡುಗೆಮನೆಯಲ್ಲಿ ಓಡಾಡಿದವಳ ಮನೆ ಯಾವ ಓಣಿಯಲ್ಲಿದೆ ಎಂದು ನಾಲ್ಕು ಕಡೆ ವಿಚಾರಿಸಬೇಕಾಯಿತು. ಸಿಗ್ನಲ್ ಕಂಬದ ಹಿಂದೆ ಎರಡು ಕೋಣೆ, ಒಂದೇ ಬಾಗಿಲು. ಗೋಡೆಗೆ ನೀಲಿ ಬಣ್ಣ, ಈ ಭಾನುವಾರಕ್ಕೆಂದು ಹೊಲಿದು ಮೊಳೆಗೆ ತೂಗುಹಾಕಿದ ಬಿಳಿ ಲಂಗ, ಧೂಳು ಕೂರದಿರಲೆಂದು ಅದರ ಮೇಲೆ ಹಳೆಯ ಪತ್ರಿಕೆಯ ಹಾಳೆ. ಮಗಳು ನೆಲದ ಮೇಲೆ ಕೂತು ಅದೇ ಬಟ್ಟೆಯ ಕುಪ್ಪಸಕ್ಕೆ ಅಂಚು ಹೊಲಿಯುತ್ತಿದ್ದಳು. ನನ್ನನ್ನು ನೋಡಿದವಳು ಸೂಜಿ ನಿಲ್ಲಿಸಲಿಲ್ಲ. ಬೇಕರಿಯಕ್ಕ ಕುರ್ಚಿ ಒರೆಸಿ ಕೊಟ್ಟಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಹೇಳಿದೆ: ಅವರ ನಡತೆಗೆ ನನಗೆ ನಾಚಿಕೆಯಾಗಿದೆ, ಅವರ ಪರವಾಗಿ ಕ್ಷಮೆ ಕೇಳುತ್ತೇನೆ, ಇತ್ಯಾದಿ. ಅವಳು ಪೂರ್ತಿ ಕೇಳಿದಳು. ಆಮೇಲೆ ಅಂದದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನನ್ನ ಮಾತಿನಲ್ಲಿ ಬರೆದರೆ ಮೆದುವಾಗಿಬಿಡುತ್ತದೆ.

“ಅವ್ರು ಏಳ್ದೇ ಇದ್ದಿದ್ದು ನಂಗೇನು ಹೊಸದಲ್ಲ ಅಮ್ಮನವ್ರೇ. ಅದು ಮಳೆ ಇದ್ದಂಗೆ. ಬರುತ್ತೆ, ನೆನೀತೀವಿ, ಒಣಗ್ತೀವಿ. ನಿಮ್ದು ಹಂಗಲ್ಲ. ಎರಡು ವರ್ಷ ಮೆಟ್ಲು ಮೇಲೆ ನಿಂತು ಕೇಳಿದೀನಿ, ಅಮ್ಮನವ್ರ ರೊಟ್ಟಿ, ಅಮ್ಮನವ್ರ ರೊಟ್ಟಿ ಅಂತ. ನೀವು ನಗ್ತಿದ್ರಿ. ಇವಳು ಮನೇಗೆ ಬಂದು ಕೇಳೋಳು, ‘ಅದು ನಿಂದಲ್ವೇನಮ್ಮಾ?’ ಅಂತ. ಸುಮ್ನಿರೇ, ಅಮ್ಮನವ್ರು ಒಳ್ಳೇವ್ರು ಅಂತಿದ್ದೆ. ನಿಮ್ಮನ್ನ ಒಳ್ಳೇವ್ರು ಮಾಡೋಕೆ ನನ್ನ ಮಗಳ ಬಾಯಿ ಎಷ್ಟು ಸಲ ಮುಚ್ಚಿಸ್ಬೇಕಿತ್ತು ಹೇಳಿ?”

ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂತು. ಅಷ್ಟು ದೂರ ನಡೆದುಕೊಂಡು ಬಂದವಳಿಗೆ ಹೀಗನ್ನಬಹುದೇ ಅನ್ನಿಸಿತು. ಹೆಡ್ಮಾಸ್ಟರನ್ನು ಬಿಟ್ಟು ನನ್ನನ್ನು ಹಿಡಿದುಕೊಂಡಳಲ್ಲ ಅನ್ನಿಸಿತು. ಎದ್ದು ಹೊರಟುಬಿಡುವಷ್ಟು ಸಿಟ್ಟು, ಆದರೆ ಮೊಳೆಯ ಮೇಲಿನ ಆ ಬಿಳಿ ಲಂಗ ಕಣ್ಣ ಮುಂದೆಯೇ ಇತ್ತು. ಅದನ್ನು ದಾಟಿ ಬಾಗಿಲಿಗೆ ಹೋಗಬೇಕಿತ್ತು. ಹೋಗಲಾಗಲಿಲ್ಲ. ಕೊನೆಗೆ ಇಷ್ಟೇ ಅಂದೆ: ಹೌದು, ಅದು ನಿನ್ನದಾಗಿತ್ತು, ನಾನು ನನ್ನದು ಮಾಡಿಕೊಂಡೆ. “ಇಲ್ಯಾಕೆ ಹೇಳ್ತೀರಿ? ಇಲ್ಲಿ ಎಲ್ರಿಗೂ ಗೊತ್ತು. ಗೊತ್ತಿಲ್ದೇ ಇರೋ ಕಡೆ ಹೇಳಿ” ಅಂದಳು. ಸಿಡುಕಿ ಅಂದದ್ದಲ್ಲ, ದಣಿದು ಅಂದದ್ದು. ಭಾನುವಾರ ರೊಟ್ಟಿ ಮಾಡುತ್ತೀಯಾ, ಮಗಳನ್ನು ಕರೆತರುತ್ತೀಯಾ ಎಂದು ಕೇಳಿದೆ. ಮಗಳ ಕಡೆ ಕೈ ತೋರಿಸಿ, “ಅವಳ್ನ ಕೇಳಿ, ಎಂಟು ಸಾಲು ದಾಟ್ಬೇಕಾಗಿರೋದು ಅವಳು” ಅಂದಳು. ಹುಡುಗಿ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು, ಸೂಜಿಗೆ ಹೊಸ ದಾರ ಪೋಣಿಸಿಕೊಂಡಳು.

ಇಷ್ಟು ಸುದ್ದಿ. ಬರೆದು ಬರೆದು ನನ್ನ ಕೈ ಸೋತಿತು, ಸಿಟ್ಟು ಸೋಲಲಿಲ್ಲ. ನಿಮ್ಮ ಮೇಲೆ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ, ಹಂಚಿಕೊಳ್ಳೋಣ. ದೊಡ್ಡ ಅಯ್ಯನವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಊರಿಗೆಲ್ಲ ಕೇಳುವ ಹಾಗೆ ತಿಳಿಸಿದರು. ನಿಮ್ಮ ಅಮ್ಮ, “ಅವನಿಗೆ ಬೆನ್ನಿಗೆ ಚಳಿ ತಾಗದ ಹಾಗೆ ಹೊದ್ದುಕೋ ಅಂತ ಬರಿ, ಹೆಡ್ಮಾಸ್ಟರಿಗೆ ನಾನು ಹೆದರಲ್ಲ ಅಂತಲೂ ಬರಿ” ಅಂದರು, ಎರಡನ್ನೂ ಬರೆದಿದ್ದೇನೆ. ಮಾತ್ರೆ ಊಟಕ್ಕೆ ಮುಂಚೆ. ದೇವರು ನಿಮ್ಮನ್ನು ಕಾಯಲಿ, ನಿಮ್ಮ ಕೈಯಲ್ಲಿ ಕಾಯಿಸಿಕೊಳ್ಳಬೇಕಾದವರನ್ನೂ ಕಾಯಲಿ.

ಎಷ್ಟೇ ಸಿಡಿಮಿಡಿಗೊಂಡರೂ ನಿಮ್ಮವಳೇ ಆದ,
ನಿಮ್ಮ ಹೆಂಡತಿ

ತಾ.ಕ. ಮುಖ್ಯವಾದದ್ದನ್ನು ಬರೆಯಲೇ ಇಲ್ಲ. ಮರೆತು ಅಲ್ಲ, ಧೈರ್ಯ ಸಾಲದೆ. ಕಾರು ಬಂದಿದೆ, ಗೇಟಿನ ಹತ್ತಿರ ಹಾರನ್ ಹೊಡೆಯುತ್ತಿದ್ದಾರೆ, ಅಕ್ಷರ ಸೊಟ್ಟಗಾದರೆ ಹೊಂದಿಸಿಕೊಂಡು ಓದಿ. ನಿನ್ನೆ ಬುಧವಾರದ ಪ್ರಾರ್ಥನಾ ಕೂಟದಲ್ಲಿ ನಾನು ಎದ್ದು ನಿಂತು ಹೇಳಿದೆ. ಎರಡು ವರ್ಷದಿಂದ ರೊಟ್ಟಿ ಅವಳದು, ಹೊಗಳಿಕೆ ನಾನು ಕದ್ದದ್ದು ಎಂದು ಹೇಳಿದೆ. ಅಯ್ಯನವರಿಗೂ, ಅಂದರೆ ನಿಮಗೂ, ಮೊದಲಿನಿಂದಲೇ ಗೊತ್ತಿತ್ತು ಎಂದೂ ಹೇಳಿದೆ. ನಿಮ್ಮನ್ನು ಕೇಳದೆ ಹೇಳಿದೆ. ಹೆಡ್ಮಾಸ್ಟರು ನಿಮಗೆ ಬರೆದ ಕಾಗದವೂ ಇದೇ ಕಾರಿನಲ್ಲಿ ಬರುತ್ತಿದೆ. ಅದರಲ್ಲಿ ಏನಿದೆ ಎಂದು ಅವರೇ ನನಗೆ ಓದಿ ಹೇಳಿದರು, ಬಹಳ ಮರ್ಯಾದಸ್ಥರು. ‘ನನಗೆ ಗೊತ್ತಿರಲಿಲ್ಲ, ಹೆಂಡತಿ ತಾನಾಗಿ ಮಾಡಿದ್ದು’ ಎಂದು ನೀವು ಒಂದೇ ಸಾಲು ಬರೆದು ಸಹಿ ಮಾಡಿಕೊಟ್ಟರೆ ಎಲ್ಲವನ್ನೂ ಇಲ್ಲಿಗೇ ಬಿಟ್ಟುಬಿಡುತ್ತಾರಂತೆ. ಸಹಿ ಮಾಡುವುದು ಬಿಡುವುದು ನಿಮ್ಮ ಕೈಯಲ್ಲಿದೆ. ಈಗಷ್ಟೇ ಆ ಹುಡುಗಿ ಬಂದಿದ್ದಳು, ಮುಂದಿನ ಬಾಗಿಲಿಗೆ, ಒಬ್ಬಳೇ. ಒಳಗೆ ಬರಲಿಲ್ಲ. “ಅಮ್ಮ ರೊಟ್ಟಿ ಮಾಡ್ತಾರಂತೆ, ನಮ್ಮನೇಲೇ. ನಾನೇ ತಟ್ಟೇಲಿ ಇಟ್ಕೊಂಡು ಬರ್ತೀನಿ. ಅಯ್ಯನವ್ರು ಇರ್ತಾರಾ?” ಎಂದು ಕೇಳಿದಳು. ಇರುತ್ತಾರೆ ಎಂದು ಹೇಳಿ ಕಳಿಸಿದ್ದೇನೆ. ಭಾನುವಾರ, ಒಂಬತ್ತೂವರೆಗೆ.